ವಿಮ್ ಸಂಪಾದಕ: ಅಕ್ಷರದ ಕೀಲಿಗಳೇ ಆಜ್ಞೆಗಳಾಗುವುದು ಹೇಗೆ?

ಕಪ್ಪು ಪರದೆಯ ಎಡ ಅಂಚಿನಲ್ಲಿ ಒಂದರ ಕೆಳಗೊಂದು ಟಿಲ್ಡೆ (~) ಚಿಹ್ನೆಗಳು. ಟೈಪ್ ಮಾಡಿದರೆ ಅಕ್ಷರ ಮೂಡುವ ಬದಲು ಕರ್ಸರ್ ಎಲ್ಲಿಗೋ ಜಿಗಿಯುತ್ತದೆ, ಇದ್ದ ಸಾಲು ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಹೊರಗೆ ಬರಲಾಗುವುದಿಲ್ಲ. ಕಡತಗಳಿಗೆ ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶ ಕಲಿಯಲು ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಡಿಗೆಯ ಸರ್ವರ್‌ನಲ್ಲಿ ಸ್ವಂತ ಜಾಲತಾಣ ಇಟ್ಟುಕೊಂಡವರು, ಲಿನಕ್ಸ್ ಹಾಕಿಕೊಂಡು ಹೊಸದಾಗಿ ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ತೆರೆದವರು ಒಂದಲ್ಲ ಒಂದು ದಿನ ಈ ಪರದೆಯ ಮುಂದೆ ಕೂರುತ್ತಾರೆ. ಗಿಟ್‌ಗೆ ಯಾವ ಸಂಪಾದಕ ಬೇಕೆಂದು ನಾವು ಮೊದಲೇ ಹೇಳಿಟ್ಟಿರದಿದ್ದರೆ, ಬದಲಾವಣೆಯ ಟಿಪ್ಪಣಿ ಬರೆಸಿಕೊಳ್ಳಲು ಅದು ಸಾಮಾನ್ಯವಾಗಿ ತೆರೆಯುವುದು ವಿ-ಐ ಅಥವಾ ಅದರ ಸುಧಾರಿತ ರೂಪವಾದ ವಿಮ್ ಅನ್ನು. ಆ ಪರದೆಯೇ ಇದು.

ಇಲ್ಲಿ ತಬ್ಬಿಬ್ಬಾಗುವವರು ನೀವೊಬ್ಬರೇ ಅಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ‘ವಿಮ್‌ನಿಂದ ಹೊರಬರುವುದು ಹೇಗೆ’ ಎಂಬ ಒಂದೇ ಪ್ರಶ್ನೆಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ತೆರೆದು ನೋಡಲಾಗಿದೆ ಎಂದು ಆ ತಾಣವೇ 2017ರ ಮೇ ತಿಂಗಳಲ್ಲಿ ಪ್ರಕಟಿಸಿತು. ಓದಿದವರಲ್ಲಿ ವೃತ್ತಿಯಲ್ಲೇ ಪ್ರೋಗ್ರಾಮರ್ ಆಗಿದ್ದವರೂ ಇದ್ದರು.

ಆಜ್ಞೆಗಳ ಉದ್ದನೆಯ ಪಟ್ಟಿಯೊಂದನ್ನು ಮುದ್ರಿಸಿಕೊಂಡು ಗೋಡೆಗೆ ಅಂಟಿಸಿದರೆ ವಿಮ್ ಬರುವುದಿಲ್ಲ. ಅದರ ಕೀಲಿಗಳ ಹಿಂದೆ ಒಂದು ಪುಟ್ಟ ವ್ಯಾಕರಣವಿದೆ. ಅದು ತಿಳಿದರೆ ಹತ್ತು ಹದಿನೈದು ಕೀಲಿಗಳಿಂದ ನೂರಾರು ಆಜ್ಞೆಗಳನ್ನು ನಾವೇ ಕಟ್ಟಿಕೊಳ್ಳಬಹುದು. ಈ ಲೇಖನದಲ್ಲಿ ಕೀಲಿಗಳ ಹೆಸರನ್ನು ಉಚ್ಚರಿಸುವ ಹಾಗೆಯೇ ಬರೆದಿದೆ: ‘ಡಿ ಡಬ್ಲ್ಯೂ’ ಎಂದಿದ್ದರೆ ಡಿ ಕೀಲಿ ಒತ್ತಿ ಬಿಟ್ಟು, ಆಮೇಲೆ ಡಬ್ಲ್ಯೂ ಕೀಲಿ ಒತ್ತುವುದು. ದೊಡ್ಡಕ್ಷರ ಎಂದಿದ್ದರೆ ಮಾತ್ರ ಶಿಫ್ಟ್ ಹಿಡಿದು ಒತ್ತಬೇಕು.

ಸಿಕ್ಕಿಕೊಂಡವರಿಗೆ ಮೊದಲು ಹೊರದಾರಿ

ಮೊದಲು ಎಸ್ಕೇಪ್ ಕೀಲಿ ಒತ್ತಿ. ಆಮೇಲೆ ಕೋಲನ್ (:) ಟೈಪ್ ಮಾಡಿ. ಕರ್ಸರ್ ಪರದೆಯ ತಳದ ಸಾಲಿಗೆ ಇಳಿಯುತ್ತದೆ. ಅಲ್ಲಿ ಕ್ಯೂ, ಅದರ ಪಕ್ಕದಲ್ಲೇ ಆಶ್ಚರ್ಯಸೂಚಕ ಚಿಹ್ನೆ (!) ಹಾಕಿ ಎಂಟರ್ ಒತ್ತಿದರೆ ವಿಮ್ ಮುಚ್ಚುತ್ತದೆ. ಕೊನೆಯ ಬಾರಿ ಉಳಿಸಿದ ನಂತರ ಮಾಡಿದ ಬದಲಾವಣೆಗಳು ಹೋಗುತ್ತವೆ. ಕಡತ ಹಾಗೆಯೇ ಇರುತ್ತದೆ.

ಬದಲಾವಣೆ ಉಳಿಸಿಕೊಂಡು ಹೊರಬರಬೇಕಾದರೆ ಎಸ್ಕೇಪ್, ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್. ಡಬ್ಲ್ಯೂ ಅಂದರೆ ಕಡತಕ್ಕೆ ಬರೆ, ಕ್ಯೂ ಅಂದರೆ ಹೊರಡು. ಬರೀ ಕ್ಯೂ ಕೊಟ್ಟಾಗ, ಉಳಿಸದ ಬದಲಾವಣೆ ಇದ್ದರೆ ವಿಮ್ ಹೊರಡಲು ಒಪ್ಪದೆ ಎಚ್ಚರಿಸುತ್ತದೆ. ಆಶ್ಚರ್ಯಸೂಚಕ ಸೇರಿಸುವುದು ‘ಗೊತ್ತಿದ್ದೇ ಹೇಳುತ್ತಿದ್ದೇನೆ, ಮುಚ್ಚು’ ಎನ್ನುವುದಕ್ಕೆ.

ಬೇಸತ್ತು ಟರ್ಮಿನಲ್ ಕಿಟಕಿಯನ್ನೇ ಮುಚ್ಚಿಬಿಡುವವರಿದ್ದಾರೆ. ಅದರಿಂದ ದೊಡ್ಡ ಹಾನಿಯೇನೂ ಆಗುವುದಿಲ್ಲ. ಆದರೆ ವಿಮ್ ಕೆಲಸ ಮಾಡುವಾಗ ಪಕ್ಕದಲ್ಲಿ ಸ್ವಾಪ್ ಕಡತ ಎಂಬ ತಾತ್ಕಾಲಿಕ ಪ್ರತಿಯೊಂದನ್ನು ಇಟ್ಟುಕೊಂಡಿರುತ್ತದೆ; ಕರೆಂಟ್ ಹೋದರೆ ಬರೆದದ್ದು ಉಳಿಯಲಿ ಎಂದು. ಕಿಟಕಿಯನ್ನು ಹೀಗೆ ಮುಚ್ಚಿದಾಗ ಆ ಪ್ರತಿ ಹಿಂದೆಯೇ ಉಳಿದುಕೊಂಡಿರಬಹುದು. ಮುಂದಿನ ಸಲ ಅದೇ ಕಡತ ತೆರೆದರೆ ಪರದೆ ತುಂಬ ದೀರ್ಘವಾದ ಎಚ್ಚರಿಕೆ ಬರುವುದು ಅದಕ್ಕೇ. ಅಲ್ಲಿ ಆರ್ ಒತ್ತಿದರೆ ಉಳಿಸದೆ ಬಿಟ್ಟಿದ್ದ ಬರಹ ಮರಳುತ್ತದೆ. ಅದು ಬೇಡವಾದರೆ ಡಿ ಒತ್ತಿ ಆ ಪ್ರತಿಯನ್ನು ಅಳಿಸಬಹುದು.

ಇನ್ನೊಂದು ಗೊಂದಲವೂ ಹೊಸಬರಿಗೆ ಕಾಡುತ್ತದೆ. ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದಾಗ ಹಲವು ಟರ್ಮಿನಲ್‌ಗಳಲ್ಲಿ ಪರದೆ ಸ್ತಬ್ಧವಾಗುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. ಹಳೆಯ ಟರ್ಮಿನಲ್‌ಗಳಲ್ಲಿ ಕಂಟ್ರೋಲ್ ಎಸ್ ಎಂದರೆ ‘ಕಳಿಸುವುದನ್ನು ಸ್ವಲ್ಪ ನಿಲ್ಲಿಸು’, ಕಂಟ್ರೋಲ್ ಕ್ಯೂ ಎಂದರೆ ‘ಇನ್ನು ಕಳಿಸು’. ಆ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. ಕಂಟ್ರೋಲ್ ಕ್ಯೂ ಒತ್ತಿದರೆ ಪರದೆಗೆ ಜೀವ ಬರುತ್ತದೆ.

ಪಠ್ಯ ಸಂಪಾದಕ ಎಂದರೆ

ವರ್ಡ್‌ನಂತಹ ತಂತ್ರಾಂಶ ಅಕ್ಷರಗಳ ಜೊತೆಗೆ ಅವುಗಳ ಗಾತ್ರ, ಬಣ್ಣ, ಅಂಚುಗಳನ್ನೂ ಕಡತದಲ್ಲಿ ಇಡುತ್ತದೆ. ಪಠ್ಯ ಸಂಪಾದಕ ಇಡುವುದು ಅಕ್ಷರಗಳನ್ನು ಮಾತ್ರ. ಪ್ರೋಗ್ರಾಂಗಳು, ಸರ್ವರ್‌ನ ವ್ಯವಸ್ಥೆಯ ಕಡತಗಳು, ಜಾಲಪುಟಗಳ ಮೂಲ, ಭಾಷಾ ಸಂಶೋಧಕರ ಪದಪಟ್ಟಿಗಳು ಎಲ್ಲವೂ ಇಂಥ ಸರಳ ಪಠ್ಯವೇ. ದೂರದ ಸರ್ವರ್‌ಗೆ ಟರ್ಮಿನಲ್ ಮೂಲಕ ಹೋದಾಗ ಅಲ್ಲಿ ಸಾಮಾನ್ಯವಾಗಿ ಮೌಸ್‌ ಹಿಡಿದು ಒತ್ತುವ ಮೆನುಗಳಿರುವುದಿಲ್ಲ, ಕೀಲಿಮಣೆಯೊಂದೇ ಗತಿ. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಪಾಸಿಕ್ಸ್ ಎಂಬ ಮಾನದಂಡವಿದೆ. ವಿ-ಐ ಸಂಪಾದಕವನ್ನು ಅದು ವಿವರಿಸಿದೆ. ಹಾಗಾಗಿ ಬೇರೆ ಯಾವ ಸಂಪಾದಕ ಇಲ್ಲದ ಕಡೆಯೂ ವಿ-ಐ ಅಥವಾ ಅದರ ಸಂತತಿಯ ಒಂದು ಬಹುತೇಕ ಸಿಕ್ಕೇ ಸಿಗುತ್ತದೆ.

ಒಂದೇ ಕೀಲಿಗೆ ಎರಡು ಕೆಲಸ

ಮುದ್ರಣಾಲಯದಲ್ಲಿ ಕರಡು ತಿದ್ದುವವರನ್ನು ನೆನೆಸಿಕೊಳ್ಳಿ. ಅವರ ಮುಂದೆ ಬರಹ ಆಗಲೇ ಇದೆ. ಕೈಯಲ್ಲಿ ಕೆಂಪು ಶಾಯಿಯ ಪೆನ್ನಿದೆ. ಒಂದು ಪದ ಹೊಡೆದುಹಾಕುತ್ತಾರೆ, ಒಂದು ವಾಕ್ಯವನ್ನು ಮೇಲಕ್ಕೆ ಒಯ್ಯಲು ಗುರುತು ಮಾಡುತ್ತಾರೆ, ಎಲ್ಲೋ ಒಂದು ಕಡೆ ಬಿಟ್ಟುಹೋದ ಅಕ್ಷರ ಸೇರಿಸುತ್ತಾರೆ. ಅವರ ಪೆನ್ನು ಹಾಕುವ ಹೆಚ್ಚಿನ ಗುರುತುಗಳು ಬರಹದ ಭಾಗವಲ್ಲ, ಬರಹಕ್ಕೆ ಏನು ಮಾಡಬೇಕು ಎಂಬ ಸೂಚನೆಗಳು.

ವಿಮ್ ನಮ್ಮನ್ನು ಕೂರಿಸುವುದು ಆ ಕುರ್ಚಿಯಲ್ಲಿ. ಕಡತ ತೆರೆದ ಕೂಡಲೇ ಇರುವುದು ಸಾಮಾನ್ಯ ಸ್ಥಿತಿ. ಈ ಸ್ಥಿತಿಯಲ್ಲಿ ಅಕ್ಷರದ ಕೀಲಿಗಳೆಲ್ಲ ಸೂಚನೆಗಳು: ಎಕ್ಸ್ ಒತ್ತಿದರೆ ಕರ್ಸರ್ ಕೆಳಗಿನ ಅಕ್ಷರ ಅಳಿಯುತ್ತದೆ, ಯು ಒತ್ತಿದರೆ ಮಾಡಿದ್ದು ರದ್ದಾಗುತ್ತದೆ. ಹೊಸದಾಗಿ ಬರೆಯಬೇಕಾದಾಗ ಐ ಒತ್ತಿ ಸೇರಿಸುವ ಸ್ಥಿತಿಗೆ ಹೋಗಬೇಕು. ಪರದೆಯ ತಳದಲ್ಲಿ ಇನ್ಸರ್ಟ್ ಎಂಬ ಪದ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಒತ್ತಿದ ಕೀಲಿಯ ಅಕ್ಷರವೇ ಮೂಡುತ್ತದೆ. ಬರೆದು ಮುಗಿದ ಮೇಲೆ ಎಸ್ಕೇಪ್ ಒತ್ತಿದರೆ ಮತ್ತೆ ಸಾಮಾನ್ಯ ಸ್ಥಿತಿ.

ಸೇರಿಸುವ ಸ್ಥಿತಿಗೆ ಹೋಗಲು ಹಲವು ಬಾಗಿಲುಗಳಿವೆ. ಐ ಒತ್ತಿದರೆ ಕರ್ಸರ್‌ಗಿಂತ ಮೊದಲು, ಎ ಒತ್ತಿದರೆ ಅದರ ನಂತರ ಬರೆಯಬಹುದು. ದೊಡ್ಡಕ್ಷರದ ಎ ನೇರವಾಗಿ ಸಾಲಿನ ಕೊನೆಗೆ, ದೊಡ್ಡಕ್ಷರದ ಐ ಸಾಲಿನ ಮೊದಲಿಗೆ ಕರೆದೊಯ್ಯುತ್ತದೆ. ಒ ಒತ್ತಿದರೆ ಕೆಳಗೆ ಹೊಸ ಸಾಲು ತೆರೆದುಕೊಳ್ಳುತ್ತದೆ.

ಹೊಸಬರು ಎಡವುವುದು ಇಲ್ಲೇ. ಅವರು ಸೇರಿಸುವ ಸ್ಥಿತಿಯನ್ನೇ ಮನೆ ಎಂದುಕೊಂಡು ಸದಾ ಅಲ್ಲೇ ಇರುತ್ತಾರೆ, ಬಾಣದ ಕೀಲಿಗಳಿಂದ ತೆವಳುತ್ತಾರೆ, ಬ್ಯಾಕ್‌ಸ್ಪೇಸ್‌ನಿಂದ ಒಂದೊಂದೇ ಅಕ್ಷರ ಅಳಿಸುತ್ತಾರೆ. ಹಾಗೆ ಬಳಸಿದರೆ ವಿಮ್‌ಗಿಂತ ನೋಟ್‌ಪ್ಯಾಡ್ ಎಷ್ಟೋ ಮೇಲು. ವಿಮ್‌ನಲ್ಲಿ ಮನೆ ಎಂದರೆ ಸಾಮಾನ್ಯ ಸ್ಥಿತಿ. ಬರೆಯಲು ಅಲ್ಲಿಂದ ಹೊರಟು, ಮುಗಿದ ತಕ್ಷಣ ಹಿಂದಿರುಗುವುದು ಪದ್ಧತಿ.

ಇಂಥ ವಿನ್ಯಾಸ ಬಂದದ್ದೇಕೆ?

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್‌ಗಾಗಿ ಎಡ್ ಎಂಬ ಸಂಪಾದಕ ಬರೆದ ಕಾಲದಲ್ಲಿ ಕಂಪ್ಯೂಟರ್ ಉತ್ತರಿಸುತ್ತಿದ್ದದ್ದು ಹೆಚ್ಚಾಗಿ ಕಾಗದದ ಮೇಲೆ. ಟೆಲಿಟೈಪ್ ಯಂತ್ರ ಸದ್ದು ಮಾಡುತ್ತ ಒಂದೊಂದೇ ಸಾಲು ಮುದ್ರಿಸುತ್ತಿತ್ತು. ಆದ್ದರಿಂದ ಎಡ್ ತಾನಾಗಿ ಏನನ್ನೂ ತೋರಿಸುತ್ತಿರಲಿಲ್ಲ. ಇಷ್ಟನೇ ಸಾಲು ತೋರಿಸು, ಇಷ್ಟನೇ ಸಾಲು ಅಳಿಸು ಎಂದು ಕಣ್ಣು ಕಟ್ಟಿದವರ ಹಾಗೆ ಆಜ್ಞೆ ಕೊಡಬೇಕಿತ್ತು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕುಲೂರಿಸ್ ಅದನ್ನು ಪರದೆಯ ಟರ್ಮಿನಲ್‌ಗೆ ಹೊಂದಿಸಿ, ತಿದ್ದುತ್ತಿರುವ ಸಾಲು ಕಣ್ಣಿಗೆ ಕಾಣುವಂತೆ ಮಾಡಿದರು. 1976ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ನೋಡಿದ ವಿದ್ಯಾರ್ಥಿ ಬಿಲ್ ಜಾಯ್, ಚಕ್ ಹೇಲಿ ಜೊತೆ ಸೇರಿ ಎಕ್ಸ್ (ex) ಎಂಬ ಸಂಪಾದಕವನ್ನು ಬೆಳೆಸಿದರು. ಅದರ ಪೂರ್ಣ ಪರದೆಯ ರೂಪವೇ ವಿ-ಐ. ಬಿಲ್ ಜಾಯ್ ಮುಂದೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸಹಸ್ಥಾಪಕರಲ್ಲಿ ಒಬ್ಬರಾದರು.

ಜಾಯ್ ಮನೆಯಿಂದ ಕೆಲಸ ಮಾಡುತ್ತಿದ್ದದ್ದು ಸೆಕೆಂಡಿಗೆ 300 ಬಿಟ್ ಸಾಗಿಸುವ ಮೋಡೆಮ್ ಮೂಲಕ. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920. ಪರದೆ ಪೂರ್ತಿ ತುಂಬಿಸಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುವಾಗ, ಕಡಿಮೆ ಒತ್ತಿ ಹೆಚ್ಚು ಕೆಲಸ ತೆಗೆಯುವ ಆಜ್ಞೆಗಳಿಗೆ ಎಷ್ಟು ಬೆಲೆ ಇತ್ತೆಂದು ಊಹಿಸಬಹುದು. ವಿ-ಐ ಆಜ್ಞೆಗಳು ಒಂದೆರಡು ಅಕ್ಷರದಷ್ಟು ಚುಟುಕಾಗಿರುವುದು ಆ ಬಡತನದ ಫಲ.

ಕರ್ಸರ್ ಚಲಿಸಲು ಎಚ್, ಜೆ, ಕೆ, ಎಲ್ ಕೀಲಿಗಳೇ ಏಕೆ ಎಂಬುದಕ್ಕೂ ಆ ಕಾಲದ ಯಂತ್ರವೇ ಕಾರಣ. ಜಾಯ್ ಬಳಸಿದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್. ಅದರಲ್ಲಿ ಬಾಣದ ಕೀಲಿಗಳು ಪ್ರತ್ಯೇಕವಾಗಿ ಇರಲಿಲ್ಲ. ಎಚ್ ಮೇಲೆ ಎಡಬಾಣ, ಜೆ ಮೇಲೆ ಕೆಳಬಾಣ, ಕೆ ಮೇಲೆ ಮೇಲ್ಬಾಣ, ಎಲ್ ಮೇಲೆ ಬಲಬಾಣ ಅಚ್ಚಾಗಿತ್ತು. ಎಸ್ಕೇಪ್ ಕೀಲಿ ಇಂದು ಟ್ಯಾಬ್ ಇರುವ ಜಾಗದಲ್ಲಿ, ಎಡಗೈ ಕಿರುಬೆರಳಿಗೆ ಎಟುಕುವಂತೆ ಇತ್ತು. ಇಂದಿನ ಕೀಲಿಮಣೆಗಳಲ್ಲಿ ಅದು ಮೂಲೆ ಸೇರಿರುವುದರಿಂದ ಹಲವರು ಕ್ಯಾಪ್ಸ್ ಲಾಕ್ ಕೀಲಿಗೆ ಎಸ್ಕೇಪ್ ಕೆಲಸ ವಹಿಸುತ್ತಾರೆ. ಸಂಪಾದಕದಲ್ಲಿ ದಿನವಿಡೀ ಕೂರುವವರಿಗೆ ಅದು ಮಾಡಿಕೊಳ್ಳಬೇಕಾದ ಬದಲಾವಣೆಯೇ.

ನಾವು ಈಗ ಬಳಸುವ ವಿಮ್ ಅನ್ನು ರೂಪಿಸಿದವರು ನೆದರ್ಲೆಂಡ್ಸ್‌ನ ಬ್ರಾಮ್ ಮೊಲೆನಾರ್. ಅಮಿಗಾ ಕಂಪ್ಯೂಟರ್‌ನಲ್ಲಿ ವಿ-ಐ ಬೇಕೆನಿಸಿ ಆರಂಭಿಸಿದ ಕೆಲಸವನ್ನು 1991ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿ, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು. ಕಡತವಿಲ್ಲದೆ ವಿಮ್ ತೆರೆದರೆ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಈ ತಂತ್ರಾಂಶಕ್ಕೆ ಬೆಲೆಯಿಲ್ಲ. ಕೊಡಬೇಕೆನಿಸಿದರೆ ಆ ಮಕ್ಕಳಿಗೆ ಕೊಡಿ ಎಂಬುದು ಅವರ ಕೋರಿಕೆಯಾಗಿತ್ತು.

ಕ್ರಿಯಾಪದ, ಸಂಖ್ಯೆ, ಕರ್ಮ

ಈಗ ಮುಖ್ಯ ವಿಷಯ. ಸಾಮಾನ್ಯ ಸ್ಥಿತಿಯ ಕೀಲಿಗಳಲ್ಲಿ ಕೆಲವು ಕ್ರಿಯಾಪದಗಳು: ಡಿ ಎಂದರೆ ಅಳಿಸು, ಸಿ ಎಂದರೆ ಅಳಿಸಿ ಹೊಸದನ್ನು ಬರೆಯಲು ಬಿಡು, ವೈ ಎಂದರೆ ನಕಲು ತೆಗೆದುಕೋ. ಇವನ್ನು ಒತ್ತಿದ ತಕ್ಷಣ ಏನೂ ಆಗುವುದಿಲ್ಲ. ‘ಯಾವುದನ್ನು?’ ಎಂಬ ಉತ್ತರಕ್ಕಾಗಿ ವಿಮ್ ಕಾಯುತ್ತದೆ.

ಆ ಉತ್ತರವನ್ನು ಚಲನೆಯ ಕೀಲಿಗಳು ಕೊಡುತ್ತವೆ. ಡಬ್ಲ್ಯೂ ಮುಂದಿನ ಪದದ ಮೊದಲಿಗೆ, ಬಿ ಹಿಂದಿನ ಪದಕ್ಕೆ, ಸೊನ್ನೆ ಸಾಲಿನ ಮೊದಲಿಗೆ, ಡಾಲರ್ ಚಿಹ್ನೆ ($) ಸಾಲಿನ ಕೊನೆಗೆ, ದೊಡ್ಡಕ್ಷರದ ಜಿ ಕಡತದ ಕೊನೆಗೆ, ‘ಜಿ ಜಿ’ ಕಡತದ ಮೊದಲಿಗೆ ಒಯ್ಯುತ್ತವೆ. ಒಂಟಿಯಾಗಿ ಒತ್ತಿದರೆ ಕರ್ಸರ್ ಚಲಿಸುತ್ತದೆ. ಕ್ರಿಯಾಪದದ ನಂತರ ಒತ್ತಿದರೆ ‘ಇಲ್ಲಿಂದ ಅಲ್ಲಿಯವರೆಗೆ’ ಎಂದಾಗುತ್ತದೆ.

‘ಡಿ ಡಬ್ಲ್ಯೂ’ ಒಂದು ಪದ ಅಳಿಸುತ್ತದೆ. ‘ಡಿ ಡಾಲರ್’ ಸಾಲಿನ ಕೊನೆಯವರೆಗೂ ಅಳಿಸುತ್ತದೆ. ‘ವೈ ದೊಡ್ಡ ಜಿ’ ಇಲ್ಲಿಂದ ಕಡತದ ಕೊನೆಯವರೆಗೆ ನಕಲು ಮಾಡುತ್ತದೆ. ನಡುವೆ ಸಂಖ್ಯೆಯನ್ನೂ ಇಡಬಹುದು: ‘ಡಿ 3 ಡಬ್ಲ್ಯೂ’ ಮೂರು ಪದ ಅಳಿಸುತ್ತದೆ. ಕ್ರಿಯಾಪದವನ್ನು ಎರಡು ಸಲ ಒತ್ತಿದರೆ ಇಡೀ ಸಾಲು ಎಂದರ್ಥ. ‘ಡಿ ಡಿ’ ಸಾಲು ಅಳಿಸಿದರೆ ‘ವೈ ವೈ’ ಸಾಲು ನಕಲಿಸುತ್ತದೆ. ಅಳಿಸಿದ್ದು ಕಳೆದುಹೋಗುವುದಿಲ್ಲ, ಪಿ ಒತ್ತಿದಲ್ಲಿ ಮತ್ತೆ ಬಂದು ಕೂರುತ್ತದೆ. ಹೀಗಾಗಿ ‘ಡಿ ಡಿ ಪಿ’ ಎಂದರೆ ಈ ಸಾಲನ್ನು ಮುಂದಿನ ಸಾಲಿನ ಕೆಳಗೆ ಇಳಿಸಿದ ಹಾಗೆ.

ಐದು ಕ್ರಿಯಾಪದ, ಹತ್ತು ಚಲನೆ ಗೊತ್ತಿದ್ದರೆ ಐವತ್ತು ಆಜ್ಞೆಗಳು ಸಿದ್ಧ. ನಾಳೆ ಹೊಸದೊಂದು ಚಲನೆ ಕಲಿತರೆ ಹಳೆಯ ಐದೂ ಕ್ರಿಯಾಪದಗಳ ಜೊತೆ ಅದು ಹೊಂದಿಕೊಳ್ಳುತ್ತದೆ. ಕಂಟ್ರೋಲ್ ಸೇರಿಸಿ ಒತ್ತುವ ಬಿಡಿ ಬಿಡಿ ಶಾರ್ಟ್‌ಕಟ್‌ಗಳಿಗೆ ಈ ಗುಣವಿಲ್ಲ.

ಚಲನೆಗಿಂತಲೂ ನನಗೆ ಹೆಚ್ಚು ಪ್ರಿಯವಾದವು ಪಠ್ಯದ ತುಂಡುಗಳನ್ನು ಹೆಸರಿಸುವ ಕೀಲಿಗಳು. ಕಡತದಲ್ಲಿ ಈ ಸಾಲಿದೆ ಎನ್ನೋಣ:

ಊರು = "ಮೈಸೂರು"

ಇದನ್ನು ಧಾರವಾಡ ಎಂದು ಬದಲಿಸಬೇಕು. ಕರ್ಸರ್ ಸಾಲಿನ ಮೊದಲಲ್ಲೇ, ಊರು ಎಂಬ ಪದದ ಮೇಲೇ ಇರಲಿ. ಒತ್ತಬೇಕಾದದ್ದು ಸಿ, ಐ, ಆಮೇಲೆ ಜೋಡಿ ಉದ್ಧರಣ ಚಿಹ್ನೆ ("). ಸಿ ಅಂದರೆ ಬದಲಿಸು, ಐ ಅಂದರೆ ಒಳಗಿರುವುದನ್ನು, ಚಿಹ್ನೆ ಅಂದರೆ ಈ ಚಿಹ್ನೆಗಳ ನಡುವೆ. ಮೈಸೂರು ಮಾಯವಾಗಿ, ಎರಡು ಚಿಹ್ನೆಗಳು ಇದ್ದಲ್ಲೇ ಉಳಿದು, ಕರ್ಸರ್ ಅವುಗಳ ನಡುವೆ ಸೇರಿಸುವ ಸ್ಥಿತಿಯಲ್ಲಿ ಬಂದು ನಿಲ್ಲುತ್ತದೆ. ಧಾರವಾಡ ಎಂದು ಬರೆದು ಎಸ್ಕೇಪ್ ಒತ್ತಿದರೆ ಮುಗಿಯಿತು. ಮೌಸ್ ಹಿಡಿದು ಚಿಹ್ನೆಗಳ ನಡುವಿನ ಭಾಗವನ್ನಷ್ಟೇ ಎಚ್ಚರದಿಂದ ಎಳೆದು ಗುರುತಿಸುವ ತಾಪತ್ರಯವಿಲ್ಲ. ಇದೇ ಕ್ರಮದಲ್ಲಿ ‘ಡಿ ಐ’ ನಂತರ ಆವರಣ ಚಿಹ್ನೆ ಒತ್ತಿದರೆ ಆವರಣದ ಒಳಗಿನದು ಅಳಿಯುತ್ತದೆ. ‘ಡಿ ಎ ಪಿ’ ಒಂದು ಪ್ಯಾರಾವನ್ನು ಅದರ ನಂತರದ ಖಾಲಿ ಸಾಲಿನ ಸಮೇತ ಅಳಿಸುತ್ತದೆ. ಐ ಎಂದರೆ ಒಳಗಿನದಷ್ಟೇ, ಎ ಎಂದರೆ ಸುತ್ತಲಿನದೂ ಸೇರಿ.

ಐ ಮತ್ತು ಎ ಒಂಟಿಯಾಗಿ ಬಂದಾಗ ಸೇರಿಸುವ ಸ್ಥಿತಿಗೆ ಒಯ್ಯುತ್ತವೆ ಎಂದು ಮೇಲೆ ಓದಿದೆವು. ಕ್ರಿಯಾಪದದ ನಂತರ ಬಂದಾಗ ಅವುಗಳ ಅರ್ಥ ಹೀಗೆ ಬೇರೆಯಾಗುತ್ತದೆ. ಮೊದಲ ಕೆಲವು ದಿನ ಇದು ಗಲಿಬಿಲಿ ಮಾಡುತ್ತದೆ, ಆಮೇಲೆ ಗಮನಕ್ಕೂ ಬರುವುದಿಲ್ಲ.

ಕ್ರಿಯಾಪದ ಮೊದಲು ಬರುವುದು ಕನ್ನಡಿಗರಿಗೆ ತುಸು ವಿಚಿತ್ರ ಅನಿಸಬಹುದು. ನಾವು ‘ಈ ಮೂರು ಸಾಲು ಅಳಿಸು’ ಎನ್ನುವವರು. ಕರ್ಮ ಮುಂದೆ, ಕ್ರಿಯೆ ಕೊನೆಗೆ. ಆ ಕ್ರಮವೇ ಬೇಕೆನ್ನುವವರಿಗೆ ವಿಮ್‌ನಲ್ಲಿ ದೃಶ್ಯ ಸ್ಥಿತಿ ಇದೆ. ವಿ ಒತ್ತಿ ಚಲನೆಯ ಕೀಲಿಗಳಿಂದ ಬೇಕಾದಷ್ಟು ಭಾಗವನ್ನು ಗುರುತು ಮಾಡಿಕೊಳ್ಳಬಹುದು; ಗುರುತಾದ ಭಾಗ ಬಣ್ಣ ಬದಲಿಸಿ ಕಾಣುತ್ತದೆ. ದೊಡ್ಡಕ್ಷರದ ವಿ ಒತ್ತಿದರೆ ಇಡೀ ಸಾಲುಗಳೇ ಗುರುತಾಗುತ್ತವೆ. ಆಮೇಲೆ ಡಿ, ಸಿ ಅಥವಾ ವೈ. ಯಾವುದು ಅಳಿಯಲಿದೆ ಎಂಬುದು ಕಣ್ಣಿಗೆ ಕಂಡ ಮೇಲೆಯೇ ಅಳಿಸುವುದರಿಂದ ಹೊಸಬರು ಇಲ್ಲಿಂದ ಆರಂಭಿಸುವುದು ಒಳ್ಳೆಯದು.

ಒಂದು ಚುಕ್ಕಿಯ ಶಕ್ತಿ

ಯು ಒತ್ತಿದರೆ ಹಿಂದಿನ ಬದಲಾವಣೆ ರದ್ದು, ಕಂಟ್ರೋಲ್ ಆರ್ ಒತ್ತಿದರೆ ರದ್ದಾದದ್ದು ವಾಪಸ್. ಇದು ಗೊತ್ತಿದ್ದರೆ ಯಾವ ಕೀಲಿಯನ್ನೂ ಧೈರ್ಯವಾಗಿ ಒತ್ತಿ ನೋಡಬಹುದು. ಇದಕ್ಕಿಂತ ಸೊಗಸಾದದ್ದು ಚುಕ್ಕಿ (.) ಕೀಲಿ. ಕೊನೆಯದಾಗಿ ಮಾಡಿದ ಬದಲಾವಣೆಯನ್ನು ಅದು ಈಗ ಕರ್ಸರ್ ಇರುವ ಜಾಗದಲ್ಲಿ ಮತ್ತೆ ಮಾಡುತ್ತದೆ.

ಕರ್ನಾಟಕದ್ದೇ ಉದಾಹರಣೆ ನೋಡೋಣ. 2014ರ ನವೆಂಬರ್ 1ರಿಂದ ರಾಜ್ಯದ ಹಲವು ನಗರಗಳ ಹೆಸರು ಅಧಿಕೃತವಾಗಿ ಬದಲಾದವು. ಅದಕ್ಕೂ ಹಿಂದಿನ ದೊಡ್ಡ ಕಡತವೊಂದರಲ್ಲಿ ಬಿಜಾಪುರ ಎಂದಿರುವುದನ್ನು ವಿಜಯಪುರ ಎಂದು ತಿದ್ದಬೇಕಾಗಿದೆ. ಎಲ್ಲ ಕಡೆಯೂ ಅಲ್ಲ. ಆದಿಲ್‌ಶಾಹಿ ಕಾಲದ ಇತಿಹಾಸ ಹೇಳುವ ವಾಕ್ಯಗಳಲ್ಲಿ ಹಳೆಯ ಹೆಸರೇ ಇರಬೇಕು. ಒಂದೊಂದನ್ನೂ ನೋಡಿ ನಿರ್ಧರಿಸಬೇಕಾದ ಕೆಲಸ.

ಓರೆಗೆರೆ (/) ಒತ್ತಿ ಬಿಜಾಪುರ ಎಂದು ಬರೆದು ಎಂಟರ್ ಕೊಟ್ಟರೆ ಕರ್ಸರ್ ಮುಂದಿನ ಬಿಜಾಪುರದ ಮೇಲೆ ನಿಲ್ಲುತ್ತದೆ. ಪದ ಬದಲಿಸಲು ‘ಸಿ ಡಬ್ಲ್ಯೂ’ ಸಾಕಲ್ಲವೇ ಅನ್ನಿಸಬಹುದು. ಕನ್ನಡದಲ್ಲಿ ಸಾಲದು. ಡಬ್ಲ್ಯೂ ಖಾಲಿ ಜಾಗ ಅಥವಾ ವಿರಾಮ ಚಿಹ್ನೆಯವರೆಗಿನದನ್ನು ಒಂದು ಪದ ಎಂದು ಎಣಿಸುತ್ತದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿರುತ್ತದೆ: ಬಿಜಾಪುರದಲ್ಲಿ, ಬಿಜಾಪುರಕ್ಕೆ, ಬಿಜಾಪುರವನ್ನು. ‘ಸಿ ಡಬ್ಲ್ಯೂ’ ಒತ್ತಿದರೆ ಊರಿನ ಜೊತೆ ‘ದಲ್ಲಿ’ಯೂ ಹೋಗುತ್ತದೆ.

ಅದಕ್ಕೆ ‘ಸಿ ಜಿ ಎನ್’ ಎಂಬ ಆಜ್ಞೆಯಿದೆ. ಹುಡುಕಾಟದಲ್ಲಿ ಸಿಕ್ಕ ಭಾಗವನ್ನಷ್ಟೇ ಬದಲಿಸು ಎಂದು ಅದರ ಅರ್ಥ. ‘ಸಿ ಜಿ ಎನ್’ ಒತ್ತಿ ವಿಜಯಪುರ ಎಂದು ಬರೆದು ಎಸ್ಕೇಪ್ ಒತ್ತಿ. ಬಿಜಾಪುರದಲ್ಲಿ ಎಂಬುದು ವಿಜಯಪುರದಲ್ಲಿ ಎಂದಾಗುತ್ತದೆ. ಇಲ್ಲಿಂದ ಮುಂದೆ ಎರಡೇ ಕೀಲಿ. ಎನ್ ಒತ್ತಿದರೆ ಮುಂದಿನ ಬಿಜಾಪುರ. ವಾಕ್ಯ ಓದಿ, ಬದಲಿಸಬೇಕಾದರೆ ಚುಕ್ಕಿ. ಬೇಡವಾದರೆ ಮತ್ತೆ ಎನ್.

ಓದಿ ನಿರ್ಧರಿಸುವ ಅಗತ್ಯವಿಲ್ಲದೆ ಎಲ್ಲವನ್ನೂ ಬದಲಿಸಬೇಕಾದರೆ ಕೋಲನ್ ಒತ್ತಿ ತಳದ ಸಾಲಿನಲ್ಲಿ ಒಂದೇ ಆಜ್ಞೆ ಬರೆಯಬಹುದು: ಶೇಕಡಾ ಚಿಹ್ನೆ (%), ಎಸ್, ಓರೆಗೆರೆ, ಹಳೆಯ ಪದ, ಓರೆಗೆರೆ, ಹೊಸ ಪದ, ಓರೆಗೆರೆ, ಕೊನೆಗೆ ಜಿ, ಎಲ್ಲವೂ ನಡುವೆ ಖಾಲಿ ಜಾಗವಿಲ್ಲದೆ. ಶೇಕಡಾ ಚಿಹ್ನೆ ಎಂದರೆ ಇಡೀ ಕಡತ. ಜಿ ಎಂದರೆ ಒಂದು ಸಾಲಿನಲ್ಲಿ ಎಷ್ಟು ಸಲ ಬಂದಿದ್ದರೂ ಅಷ್ಟನ್ನೂ. ಜಿ ನಂತರ ಸಿ ಸೇರಿಸಿದರೆ ಪ್ರತಿ ಸಲವೂ ಕೇಳಿ, ವೈ ಒತ್ತಿದರೆ ಬದಲಿಸಿ, ಎನ್ ಒತ್ತಿದರೆ ಬಿಟ್ಟು ಮುಂದೆ ಹೋಗುತ್ತದೆ.

ಬಿಜಾಪುರ, ವಿಜಯಪುರ ಎರಡೂ ‘ಪುರ’ ಎಂದೇ ಮುಗಿಯುವುದರಿಂದ ಪ್ರತ್ಯಯ ಸಲೀಸಾಗಿ ಕೂಡಿಕೊಂಡಿತು. ಗುಲ್ಬರ್ಗ ಹಾಗಲ್ಲ. ಕಣ್ಣುಮುಚ್ಚಿ ಬದಲಿಸಿದರೆ ಗುಲ್ಬರ್ಗದಲ್ಲಿ ಎಂಬುದು ‘ಕಲಬುರಗಿದಲ್ಲಿ’ ಎಂದಾಗುತ್ತದೆ, ಗುಲ್ಬರ್ಗಕ್ಕೆ ಎಂಬುದು ‘ಕಲಬುರಗಿಕ್ಕೆ’ ಎಂದು. ಆದ್ದರಿಂದ ಗುಲ್ಬರ್ಗದಲ್ಲಿ ಎಂಬುದಕ್ಕೆ ಕಲಬುರಗಿಯಲ್ಲಿ, ಗುಲ್ಬರ್ಗಕ್ಕೆ ಎಂಬುದಕ್ಕೆ ಕಲಬುರಗಿಗೆ ಎಂದು ಒಂದೊಂದು ರೂಪಕ್ಕೂ ಬೇರೆ ಆಜ್ಞೆ ಕೊಟ್ಟು, ಬರಿಯ ಗುಲ್ಬರ್ಗವನ್ನು ಕೊನೆಗೆ ಬದಲಿಸಬೇಕು. ಇಂಗ್ಲಿಷ್‌ನಲ್ಲಿ ಬರೆದ ವಿಮ್ ಪಾಠಗಳಲ್ಲಿ ಈ ಎಚ್ಚರಿಕೆ ಸಿಗುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ನೆನಪಿನಲ್ಲಿಡಲೇಬೇಕು.

ಒಂದೇ ಬದಲಾವಣೆಗೆ ಚುಕ್ಕಿ ಸಾಕು. ಹಲವು ಹೆಜ್ಜೆಗಳ ಕೆಲಸವನ್ನು ಪುನರಾವರ್ತಿಸಲು ಧ್ವನಿಮುದ್ರಣದಂಥ ಏರ್ಪಾಡಿದೆ. ಅದನ್ನು ಮ್ಯಾಕ್ರೋ ಎನ್ನುತ್ತಾರೆ. ನಲವತ್ತು ಸಾಲುಗಳ ಪಟ್ಟಿಯಲ್ಲಿ ಪ್ರತಿ ಸಾಲಿನ ಕೊನೆಗೂ ಅಲ್ಪವಿರಾಮ ಬೇಕು ಎನ್ನೋಣ. ಮೊದಲ ಸಾಲಿನಲ್ಲಿ ‘ಕ್ಯೂ ಎ’ ಒತ್ತಿದರೆ ಎ ಎಂಬ ಹೆಸರಿನಲ್ಲಿ ದಾಖಲೆ ಶುರು. ದೊಡ್ಡಕ್ಷರದ ಎ ಒತ್ತಿ ಸಾಲಿನ ಕೊನೆಗೆ ಹೋಗಿ ಅಲ್ಪವಿರಾಮ ಹಾಕಿ, ಎಸ್ಕೇಪ್ ಒತ್ತಿ, ಜೆ ಒತ್ತಿ ಕೆಳಗಿನ ಸಾಲಿಗೆ ಇಳಿದು, ಕ್ಯೂ ಒತ್ತಿ ದಾಖಲೆ ನಿಲ್ಲಿಸಿ. ಆಮೇಲೆ 39, ಆಟ್ ಚಿಹ್ನೆ (@), ಎ. ಉಳಿದ ಸಾಲುಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ.

ಕನ್ನಡ ಕೀಲಿಮಣೆ ಆನ್ ಆಗಿದ್ದರೆ?

ಕನ್ನಡದಲ್ಲಿ ಬರೆಯುವವರು ವಿಮ್ ಬಿಟ್ಟುಬಿಡುವುದು ಹೆಚ್ಚಾಗಿ ಈ ಕಾರಣಕ್ಕೆ. ಸಾಮಾನ್ಯ ಸ್ಥಿತಿಯ ಆಜ್ಞೆಗಳು ಇಂಗ್ಲಿಷ್ ಅಕ್ಷರಗಳು. ಕನ್ನಡ ಬರೆದು ಮುಗಿಸಿ ಎಸ್ಕೇಪ್ ಒತ್ತಿದಾಗ ಸ್ಥಿತಿ ಬದಲಾಗುತ್ತದೆ, ಕಂಪ್ಯೂಟರ್‌ನ ಕೀಲಿಮಣೆ ವಿನ್ಯಾಸ ಮಾತ್ರ ಕನ್ನಡದಲ್ಲೇ ಉಳಿದಿರುತ್ತದೆ. ಆಗ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಡಿ ಕೀಲಿ ಒತ್ತಿದರೆ ವಿಮ್‌ಗೆ ತಲುಪುವುದು ಅರ್ಧಾಕ್ಷರದ ಚಿಹ್ನೆ, ಎಕ್ಸ್ ಒತ್ತಿದರೆ ಅನುಸ್ವಾರ, ಜೆ ಒತ್ತಿದರೆ ರ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದ ಮೂಲಕ ಹೆಚ್ಚಿನವರಿಗೆ ಪರಿಚಿತವಾದ ಕಗಪ ಕೀಲಿಮಣೆಯಲ್ಲಿ ಡಿ ಒತ್ತಿದರೆ ದ. ಇವು ಯಾವುವೂ ವಿಮ್‌ಗೆ ಆಜ್ಞೆಗಳಲ್ಲ. ಅದು ಸುಮ್ಮನಿರುತ್ತದೆ, ನಾವು ಗೊಂದಲಕ್ಕೆ ಬೀಳುತ್ತೇವೆ.

ಎಸ್ಕೇಪ್ ಒತ್ತಿದ ಕೂಡಲೇ ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿಕೊಳ್ಳುವುದು ಸುಲಭದ ದಾರಿ. ಹೆಚ್ಚು ಬರೆಯುವವರಿಗೆ ಅದು ಬೇಗ ಸಾಕೆನಿಸುತ್ತದೆ. ವಿಮ್ ಒಳಗೇ ಕೀಮ್ಯಾಪ್ ಎಂಬ ಸೌಲಭ್ಯವಿದೆ: ಯಾವ ಕೀಲಿಗೆ ಯಾವ ಅಕ್ಷರ ಎಂದು ಒಂದು ಚಿಕ್ಕ ಕಡತದಲ್ಲಿ ಬರೆದಿಟ್ಟರೆ, ಬರೆಯುವಾಗ ಮಾತ್ರ ಅದು ಜಾರಿಗೆ ಬರುತ್ತದೆ, ಸಾಮಾನ್ಯ ಸ್ಥಿತಿಯ ಆಜ್ಞೆಗಳು ಇಂಗ್ಲಿಷ್‌ನಲ್ಲೇ ಇರುತ್ತವೆ. ಕಂಪ್ಯೂಟರ್‌ನ ವಿನ್ಯಾಸವನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಶಾಶ್ವತ ಪರಿಹಾರ ಇದೇ.

ಪರದೆಯ ತೊಂದರೆ ಬೇರೆ. ಟರ್ಮಿನಲ್ ಒಂದೊಂದು ಅಕ್ಷರವನ್ನೂ ಸಮ ಅಳತೆಯ ಚೌಕದಲ್ಲಿ ಕೂರಿಸಲು ನೋಡುತ್ತದೆ. ಕನ್ನಡದ ಒತ್ತಕ್ಷರಗಳಿಗೆ ಆ ಚೌಕ ಒಗ್ಗುವುದಿಲ್ಲ. ಅಕ್ಷರ ಒಡೆದು ಕಾಣುತ್ತದೆ, ಕರ್ಸರ್ ಒಂದು ಕಡೆ ತೋರಿದರೂ ಇನ್ನೊಂದು ಕಡೆ ಇರುತ್ತದೆ. ಕಡತದಲ್ಲಿರುವ ಬರಹ ಸರಿಯಾಗಿಯೇ ಇರುತ್ತದೆ, ಕಾಣುವುದಷ್ಟೇ ಹೀಗೆ. ಕನ್ನಡವೇ ಹೆಚ್ಚಿದ್ದರೆ ವಿಎಸ್ ಕೋಡ್‌ನಂಥ ಸಂಪಾದಕದಲ್ಲಿ ವಿಮ್ ಕೀಲಿಗಳನ್ನು ಒದಗಿಸುವ ವಿಸ್ತರಣೆ ಹಾಕಿಕೊಳ್ಳುವುದು ಮೇಲು. ಅಕ್ಷರಗಳೂ ಚೆನ್ನಾಗಿ ಕಾಣುತ್ತವೆ, ಕಲಿತ ಆಜ್ಞೆಗಳೂ ಕೆಲಸಕ್ಕೆ ಬರುತ್ತವೆ.

ಸ್ಥಿತಿಗಳೇ ಬೇಡ ಎಂದವರು

ಒಂದೇ ಕೀಲಿಗೆ ಎರಡು ಅರ್ಥ ಇರುವುದು ತಪ್ಪು ಎಂದು ಜೀವನವಿಡೀ ವಾದಿಸಿದವರು ಅಮೆರಿಕದ ಲ್ಯಾರಿ ಟೆಸ್ಲರ್. 1970ರ ದಶಕದಲ್ಲಿ ಅವರು ಕೆಲಸ ಮಾಡಿದ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬ್ರಾವೊ ಎಂಬ ಸಂಪಾದಕ ಇತ್ತು. ಸೇರಿಸುವ ಸ್ಥಿತಿಯಲ್ಲಿದ್ದೇನೆ ಎಂದು ತಿಳಿದು ಯಾರಾದರೂ ‘ಎಡಿಟ್’ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರ ಒತ್ತಿದರೆ, ಇ ಇಡೀ ದಾಖಲೆಯನ್ನು ಗುರುತಿಸುತ್ತಿತ್ತು, ಡಿ ಅದನ್ನು ಅಳಿಸುತ್ತಿತ್ತು, ಐ ಸೇರಿಸುವ ಸ್ಥಿತಿಗೆ ಹೋಗುತ್ತಿತ್ತು, ಟಿ ಎಂಬ ಒಂದಕ್ಷರ ಪರದೆಯಲ್ಲಿ ಉಳಿಯುತ್ತಿತ್ತು. ಟೆಸ್ಲರ್ ಮತ್ತು ಟಿಮ್ ಮಾಟ್ ಸೇರಿ ಜಿಪ್ಸಿ ಎಂಬ ಸ್ಥಿತಿಗಳಿಲ್ಲದ ಸಂಪಾದಕವನ್ನು ರೂಪಿಸಿದರು. ಕತ್ತರಿಸು, ನಕಲಿಸು, ಅಂಟಿಸು ಎಂಬ ಇಂದಿನ ಪದ್ಧತಿ ಆ ಕೆಲಸದಿಂದ ಬೆಳೆದದ್ದು. ಅದಕ್ಕೆ ಎಕ್ಸ್, ಸಿ, ವಿ ಕೀಲಿಗಳು ನೆಲೆಯಾದದ್ದು ಆಪಲ್ ಕಂಪನಿ 1983ರಲ್ಲಿ ತಂದ ಲೀಸಾ ಕಂಪ್ಯೂಟರ್‌ನಲ್ಲಿ. ಟೆಸ್ಲರ್ ಅವರ ಕಾರಿನ ನಂಬರ್ ಫಲಕದ ಮೇಲೂ ‘ನೋ ಮೋಡ್ಸ್’ ಎಂದೇ ಇತ್ತು.

ಅವರ ವಾದದಲ್ಲಿ ಹುರುಳಿದೆ. ದಿನಕ್ಕೊಂದು ಪತ್ರ ಬರೆಯುವವರಿಗೆ ಸ್ಥಿತಿಗಳ ಗೊಡವೆ ಬೇಕಿಲ್ಲ. ಟರ್ಮಿನಲ್‌ನಲ್ಲೂ ಅಂಥ ಸಂಪಾದಕ ಬೇಕಾದವರಿಗೆ ನ್ಯಾನೊ ಇದೆ. ಟೈಪ್ ಮಾಡಿದ್ದು ನೇರವಾಗಿ ಮೂಡುತ್ತದೆ, ಕಂಟ್ರೋಲ್ ಒ ಉಳಿಸುತ್ತದೆ, ಕಂಟ್ರೋಲ್ ಎಕ್ಸ್ ಹೊರಗೆ ಕಳಿಸುತ್ತದೆ, ಆಜ್ಞೆಗಳ ಪಟ್ಟಿ ಪರದೆಯ ತಳದಲ್ಲೇ ಕಾಣುತ್ತಿರುತ್ತದೆ. ಗಿಟ್‌ಗೆ ನ್ಯಾನೊವನ್ನೇ ತೆರೆ ಎಂದು ಒಮ್ಮೆ ಹೇಳಿಟ್ಟರೆ ವಿಮ್ ಮುಖ ನೋಡದೆಯೂ ಇರಬಹುದು. ದಿನಕ್ಕೆ ಗಂಟೆಗಟ್ಟಲೆ ಇದ್ದ ಪಠ್ಯವನ್ನೇ ತಿದ್ದುವವರ ಲೆಕ್ಕ ಬೇರೆ. ಅವರಿಗೆ ಮೊದಲ ಎರಡು ವಾರದ ಕಷ್ಟ ಮುಂದೆ ವರ್ಷಗಟ್ಟಲೆ ಕೈಹಿಡಿಯುತ್ತದೆ.

ಎಲ್ಲಿಂದ ಆರಂಭಿಸುವುದು?

ವಿಮ್ ಜೊತೆಗೇ ವಿಮ್‌ಟ್ಯೂಟರ್ ಎಂಬ ಪಾಠ ಬರುತ್ತದೆ. ಟರ್ಮಿನಲ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ಪಾಠದ ಕಡತದ ಒಂದು ಪ್ರತಿ ತೆರೆಯುತ್ತದೆ. ಓದುತ್ತ ಅದೇ ಕಡತವನ್ನು ತಿದ್ದಬೇಕು. ಮೂಲಕ್ಕೆ ಏನೂ ಆಗುವುದಿಲ್ಲ. ಸುಮಾರು ಅರ್ಧ ಗಂಟೆಯ ಪಾಠ. ಮೊದಲ ವಾರ ಐ, ಎಸ್ಕೇಪ್, ಯು, ಎಕ್ಸ್, ‘ಡಿ ಡಿ’, ಪಿ ಮತ್ತು ಉಳಿಸಿ ಹೊರಡುವ ಆಜ್ಞೆ ಇಷ್ಟೇ ಸಾಕು. ಎರಡನೆಯ ವಾರ ಡಬ್ಲ್ಯೂ, ಬಿ, ಓರೆಗೆರೆಯ ಹುಡುಕಾಟ ಮತ್ತು ಚುಕ್ಕಿ ಸೇರಿಸಿಕೊಳ್ಳಿ. ಯಾವುದೇ ಕೀಲಿಯ ಬಗ್ಗೆ ಸಂಶಯ ಬಂದರೆ ಕೋಲನ್ ಒತ್ತಿ ಹೆಲ್ಪ್ ಎಂದು ಬರೆದು, ಖಾಲಿ ಜಾಗ ಬಿಟ್ಟು, ಆ ಕೀಲಿಯನ್ನು ಒತ್ತಿ ಎಂಟರ್ ಕೊಡಿ. ವಿವರಣೆ ಅಲ್ಲೇ ತೆರೆಯುತ್ತದೆ, ಇಂಟರ್ನೆಟ್ ಬೇಕಿಲ್ಲ.

ಕಲಿತ ಕೀಲಿಗಳು ವಿಮ್ ಆಚೆಗೂ ಉಪಯೋಗಕ್ಕೆ ಬರುತ್ತವೆ. ಲಿನಕ್ಸ್‌ನಲ್ಲಿ ಕೈಪಿಡಿ ಪುಟಗಳನ್ನು ಓದಿಸುವ ಲೆಸ್ ತಂತ್ರಾಂಶದಲ್ಲಿ ಜೆ ಕೆಳಗೆ, ಕೆ ಮೇಲೆ, ಓರೆಗೆರೆ ಹುಡುಕಲು, ಎನ್ ಮುಂದಿನದಕ್ಕೆ, ಕ್ಯೂ ಹೊರಡಲು. ಟರ್ಮಿನಲ್‌ನ ಬ್ಯಾಶ್ ಆಜ್ಞಾ ಸಾಲಿಗೂ ವಿ-ಐ ಕೀಲಿಗಳನ್ನು ಜೋಡಿಸಿಕೊಳ್ಳಬಹುದು. ಅಲ್ಲಿ ಉದ್ದನೆಯ ಆಜ್ಞೆಯ ನಡುವಿನ ಒಂದು ಪದ ತಪ್ಪಾಗಿದ್ದರೆ ಎಸ್ಕೇಪ್ ಒತ್ತಿ, ಬಿ ಕೀಲಿಯಿಂದ ಆ ಪದಕ್ಕೆ ಹಿಂದೆ ಸರಿದು, ‘ಸಿ ಡಬ್ಲ್ಯೂ’ ಒತ್ತಿ ತಿದ್ದಿದರಾಯಿತು.